ಕೊಂಬೆಯಲ್ಲಿ ತೂಗುತ್ತಿದ್ದ ಸೋರೆಬುರುಡೆ

ಕಲ್ಯಾಣದುರ್ಗದ ಬಸ್ ನಿಲ್ದಾಣದಲ್ಲಿ ಹಸಿ ಕಡಲೆಕಾಯಿ ಉಪ್ಪುನೀರಿನಲ್ಲಿ ಬೇಯುತ್ತಿದ್ದ ವಾಸನೆಯು ಕಳೆದ ವಾರ ನನ್ನನ್ನು ತಡೆದು ನಿಲ್ಲಿಸಿತು. ಸದರಿ ವಾಸನೆಯ ಕಾರಣದಿಂದಲೇ ಈ ಕೆಳಕಂಡ ಸಂಗತಿಯನ್ನು ಮಾನ್ಯ ಓದುಗರ ಅವಗಾಹನೆಗೆ ತರಬಯಸುತ್ತೇನೆ. ಅರ್ಜಿಗಳ ಹೊರತು ನಾನು ಏನನ್ನೂ ಬರೆದವನಲ್ಲ. ತಪ್ಪಿದ್ದಲ್ಲಿ ಮನ್ನಿಸಬೇಕಾಗಿ ಕೋರುತ್ತೇನೆ.

ಎಂಬತ್ತರ ದಶಕದ ಒಂದು ದಸರಾ ರಜೆಯಲ್ಲಿ, ಬೆಂಗಳೂರಿನಲ್ಲಿ ಓದುತ್ತಿದ್ದ ನನ್ನ ಅಣ್ಣನು ತನ್ನ ಸಹಪಾಠಿಯೊಬ್ಬರನ್ನು ಮನೆಗೆ ಕರೆತಂದನು. ಅವರು ಆಫ್ರಿಕಾದ ಕಡಲತೀರದ ಪಟ್ಟಣವೊಂದರವರು. ಹಿಂದೂಪುರದವರೆಗೆ ರೈಲಿನಲ್ಲಿ ಬಂದು, ಬಸ್ಸು ಹಿಡಿದು, ಕಲ್ಯಾಣದುರ್ಗದ ಸಮೀಪದ ನಮ್ಮ ಊರು ತಲುಪಿದಾಗ ಅರ್ಧ ಊರೇ ಅವರನ್ನು ನೋಡಲು ನೆರೆದಿತ್ತು. ಅಜ್ಜಿ ಅವರ ಕೈ ಹಿಡಿದುಕೊಂಡು ಗುಂಪನ್ನು ಗದರಿ, ನಮ್ಮ ಸೀಮೆಯ ತೆಲುಗು ಬೆರೆಸಿ ಅವರನ್ನು ಮಗನೆಂದು ಕರೆದರು.

“ಏನ್ರಲಾ ಹಂಗ್ ನೋಡ್ತೀರ? ನನಗಿಂತ ಒಂಚೂರು ಕಪ್ಪು, ಅಷ್ಟೇ. ರಾ ನಾಯನಾ, ಕೂತ್ಕೋ.”

ಅಮ್ಮ ಬೇಯಿಸಿದ ಕಡಲೆಕಾಯಿಯನ್ನು ಮುಂದಿಟ್ಟಾಗ ಅವರು ಕಣ್ಣು ಮುಚ್ಚಿ ಅದರ ಹಬೆಯನ್ನು ಒಳಗೆಳೆದುಕೊಂಡರು. ತಮ್ಮ ತಾಯಿಯೂ ಹೀಗೆಯೇ ಬೇಯಿಸುವರೆಂದು ಅಣ್ಣನ ಮೂಲಕ ತಿಳಿಸಿದರು. ಆಮೇಲೆ ಅಮ್ಮ ದಿನವೂ ಒಲೆಯ ಮೇಲೆ ಕಡಲೆಕಾಯಿ ಇಟ್ಟರು...

ನಮ್ಮ ಒಣಸೀಮೆಯಲ್ಲಿ ಮಕ್ಕಳು ಈಜು ಕಲಿಯುವುದು ಹೊಲದ ಬಾವಿಯಲ್ಲಿ. ಕಲಿಯುವವರ ಬೆನ್ನಿಗೆ ಒಣಗಿದ ಸೋರೆಬುರುಡೆಯನ್ನು ಕಟ್ಟಿ ನೀರಿಗೆ ಬಿಡುವುದು ವಾಡಿಕೆ, ಅದು ಮುಳುಗಗೊಡುವುದಿಲ್ಲ. ನಮ್ಮ ಬುರುಡೆಯು ಬಾವಿಯ ಪಕ್ಕದ ಬೇವಿನ ಕೊಂಬೆಯಲ್ಲಿ ತೂಗುತ್ತಿತ್ತು. ಹುಡುಗರು ಅದನ್ನು ಕಟ್ಟಿಕೊಂಡು ಇಳಿಯುವುದನ್ನು ನಮ್ಮ ಅತಿಥಿಯು ದಡದಲ್ಲಿ ಕುಳಿತು ನೋಡುತ್ತಿದ್ದರು. ಹಬ್ಬದ ಮರುದಿನ ಅವರೂ ಇಳಿಯಲಿ ಎಂಬ ಮಾತು ಬಂದಿತು. ಅಣ್ಣನು ಬುರುಡೆಗೆ ಕೈ ಚಾಚಿದಾಗ ಚಿಕ್ಕಪ್ಪ ನಕ್ಕುಬಿಟ್ಟರು.

“ಲೇ, ಸಮುದ್ರದ ದಂಡೇಲಿ ಹುಟ್ಟಿದೋನಿಗೆ ಬುರುಡೆ ಕಟ್ತೀಯೇನ್ಲಾ? ಅವ್ನೇ ನಿಂಗೆ ಈಜು ಕಲಿಸ್ತಾನೆ, ಬಿಡ್ಲಾ!”

ನಮ್ಮಲ್ಲಿ ಯಾರೂ ಸಮುದ್ರವನ್ನು ಕಂಡವರಲ್ಲ. ಅದರ ದಡದಲ್ಲಿ ಹುಟ್ಟಿದವರಿಗೆ ಈಜು ತಾನಾಗಿ ಬರುತ್ತದೆಂದು ಎಲ್ಲರೂ ನಂಬಿದ್ದೆವು. ನಾವು ನಕ್ಕೆವು, ಮಾತು ತಿಳಿಯದಿದ್ದರೂ ಅವರೂ ನಕ್ಕರು. ಚಿಕ್ಕಪ್ಪ ಧುಮುಕಿ ನೀರಿನಿಂದ ಕೈಬೀಸಿ ಕರೆದರು. ಅತಿಥಿಯು ಬೇವಿನ ಕೆಳಗೆ ನಿಂತಿದ್ದ ಅಣ್ಣನತ್ತ ಒಮ್ಮೆ ತಿರುಗಿ ನೋಡಿ... ಜಿಗಿದರು.

ಮೇಲೆ ಬರಲಿಲ್ಲ. ಉಸಿರು ಕಟ್ಟಿ ಆಟವಾಡುತ್ತಿದ್ದಾರೆಂದು ತಿಳಿದು ನಾವು ಚಪ್ಪಾಳೆ ತಟ್ಟಿದೆವು.

ಚಿಕ್ಕಪ್ಪ ಮುಳುಗಿ ಮುಳುಗಿ ಹುಡುಕಿ ಅವರನ್ನು ಎತ್ತಿ ತಂದಾಗ ಚಪ್ಪಾಳೆ ತಟ್ಟಿದ ನನ್ನ ಕೈಗಳು ಇನ್ನೂ ಬೆಚ್ಚಗಿದ್ದವು. ಅಣ್ಣನ ವಯಸ್ಸೇ ಅವರದೂ.

ಬೆಂಗಳೂರಿನಿಂದ ಬಂದ ಅವರ ದೇಶದವರೊಬ್ಬರು ಹೇಳಿದ್ದನ್ನು ಅಣ್ಣನು ನಮಗೆ ಕನ್ನಡದಲ್ಲಿ ತಿಳಿಸಿದನು. ತೀರಿಕೊಂಡ ಅತಿಥಿಯ ತಂದೆ ಮೀನು ಹಿಡಿಯಲು ಹೋದವರು ಸಮುದ್ರದಿಂದ ಮರಳಲಿಲ್ಲವಂತೆ. ಅಂದಿನಿಂದ ಅವರ ತಾಯಿ ಮಗನನ್ನು ನೀರಿಗೆ ಕಾಲಿಡಲು ಬಿಟ್ಟವರಲ್ಲವಂತೆ. ಚಿಕ್ಕಪ್ಪ ಅಜ್ಜಿಯ ಕಾಲ ಬಳಿ ಬಂದು ಕುಳಿತರು.

“ಒಂದ್ ಮಾತು ಕೇಳ್ಬೇಕಾಗಿತ್ತು ಕಣಮ್ಮ... ಒಂದೇ ಒಂದ್ ಮಾತು.”



ಪ್ರತಿವರ್ಷ ಹಿರಿಯರ ಹಬ್ಬದಂದು ಅಮ್ಮ ನಮ್ಮವರ ಎಡೆಯ ಪಕ್ಕದಲ್ಲಿ ಒಂದು ಹಿಡಿ ಬೇಯಿಸಿದ ಕಡಲೆಕಾಯಿ ಇಟ್ಟು, “ತಿನ್ನು ನಾಯನಾ” ಎನ್ನುತ್ತಿದ್ದರು. ಈಗ ಅಮ್ಮನೂ ಇಲ್ಲ, ಬಾವಿಯನ್ನೂ ಮುಚ್ಚಲಾಗಿದೆ.

ನಿಲ್ದಾಣದಲ್ಲಿ ಕೊಂಡ ಪೊಟ್ಟಣ ಕೈಯಲ್ಲಿ ಬಿಸಿಯಾಗಿತ್ತು. ಒಂದು ಕಾಯಿಯನ್ನೂ ಬಿಡಿಸಲಾಗಲಿಲ್ಲ. ಅಂದು ಜಿಗಿಯುವ ಮುನ್ನ ಅವರು ಅಣ್ಣನ ಮುಖವನ್ನು ನೋಡಿದರೆಂದೇ ಇಷ್ಟು ವರ್ಷ ತಿಳಿದಿದ್ದೆ. ಆದರೆ ಈಗ ನೆನೆದರೆ, ಅವರ ಕಣ್ಣು ಅದಕ್ಕಿಂತ ಮೇಲಕ್ಕಿತ್ತು... ಅಣ್ಣನ ತಲೆಯ ಮೇಲೆ ತೂಗುತ್ತಿದ್ದ ಬುರುಡೆಯ ಕಡೆಗೆ.