ಬಲಗಡೆಯ ಹಿಂದಿನ ಸ್ಪೀಕರ್

ಮೊನ್ನೆ ನಮ್ಮ ಮನೆಯ ಹಾಲ್‌ನಲ್ಲಿ ಹೊಸ ಸ್ಪೀಕರೊಂದು ಸತ್ತಿತು. ಸತ್ತಿದ್ದು ನಮ್ಮವರ ಪಾಲಿಗೆ ಮಾತ್ರ. ನನಗೂ ನಮ್ಮತ್ತೆಗೂ ಅದು ಚೆನ್ನಾಗಿಯೇ ಕೇಳುತ್ತಿತ್ತು.

ಪ್ರತ್ಯೇಕ ರಾಜ್ಯ ಬೇಕೆಂದು ಮತ್ತೆ ಬಂದ್. ಬಾಲಾನಗರದ ಕಾರ್ಖಾನೆಗೆ ಹೋಗಲು ಬಸ್ಸಿಲ್ಲ. ಮಣಿಕೊಂಡದ ಫ್ಲ್ಯಾಟಿನಲ್ಲಿ ಸಿಕ್ಕಿಬಿದ್ದ ನಮ್ಮವರು, ಕೋಠಿ ಬಜಾರಿನಿಂದ ತಂದಿಟ್ಟಿದ್ದ ಹೋಮ್ ಥಿಯೇಟರಿನ ಡಬ್ಬ ಬಿಚ್ಚಿದರು. ಮುಂದೆ ಮೂರು ಸ್ಪೀಕರ್, ಹಿಂದೆ ಎರಡು, ಮೂಲೆಯಲ್ಲಿ ಧಡಧಡ ಅನ್ನುವ ದೊಡ್ಡದೊಂದು. ಎಲ್ಲದರ ವೈರೂ ರಿಸೀವರ್ ಎಂಬ ಕಪ್ಪು ಪೆಟ್ಟಿಗೆಗೆ. (ಅಷ್ಟು ದೊಡ್ಡ ಹಾಲೇ ಅಂತ ಕೇಳಬೇಡಿ. ಟೀಪಾಯಿ ಎತ್ತಿ ಬಾಲ್ಕನಿಯಲ್ಲಿ ಇಡಬೇಕಾಯಿತು.)

ಟೆಸ್ಟ್ ಬಟನ್ ಒತ್ತಿದರೆ ಒಂದೊಂದೇ ಸ್ಪೀಕರಿನಿಂದ ಸರದಿಯಂತೆ 'ಶ್‌ಶ್' ಎಂಬ ಸದ್ದು ಬರುತ್ತದೆ. ಬಲಗಡೆಯ ಹಿಂದಿನದರ ಸರದಿ ಬಂದಾಗ ನಮ್ಮವರು ಹುಬ್ಬು ಗಂಟಿಕ್ಕಿದರು.

"ಇದರ ದನಿ ಭಾಳ ಸಣ್ಣ ಐತಿ. ಅಂಗಡ್ಯಾಂವ ಮೋಸ ಮಾಡ್ಯಾನ."

"ನನಗ ಎಲ್ಲಾ ಒಂದ ಸಮ ಕೇಳಾಕತ್ತಾವರಿ," ಅಂದೆ.

"ನಿನಗೇನ ತಿಳೀತೈತಿ? ಸಪ್ಪಳ ಕೇಳಿ ಮಷೀನಿನ ರೋಗ ಹೇಳಾಂವ ನಾನು."

ಎರಡೂ ಸ್ಪೀಕರ್ ಅದಲುಬದಲು ಮಾಡಿದರು. ಬಲಗಡೆಯದು ಮತ್ತೆ ಸಣ್ಣ. ವೈರ್ ಬದಲಿಸಿದರು. ಊಹೂಂ. ಕೊನೆಗೆ ಸಿಟ್ಟಿನಿಂದ ಟಿವಿಗೆ ಬೆನ್ನು ಹಾಕಿ, ಹಿಂದಿನ ಸ್ಪೀಕರುಗಳ ಕಡೆ ಮುಖ ಮಾಡಿ ನಿಂತರು. ನಾನು ಬಟನ್ ಒತ್ತಿದೆ.

"ಈಗ ಇದು ಗಟ್ಟಿ ಆತು. ಆ ಕಡೀದು ಸತ್ತಿತು ನೋಡು."

ಸ್ಪೀಕರುಗಳು ಇದ್ದಲ್ಲೇ ಇವೆ. ತಿರುಗಿದ್ದು ಮನುಷ್ಯ. ಹತ್ತಿರ ಹೋಗಿ ಅವರ ಎಡಗಿವಿಯನ್ನು ಅಂಗೈಯಿಂದ ಒತ್ತಿ ಮುಚ್ಚಿ, ಬಲಗಿವಿಯ ಬಳಿ ಹೆಸರು ಹಿಡಿದು ಕರೆದೆ. (ಗಂಡನ ಹೆಸರು. ಅದೂ ಅತ್ತೆಯ ಎದುರಿಗೆ.) ಅವರು ಕಣ್ಣು ಕೂಡ ಮಿಟುಕಿಸಲಿಲ್ಲ.

ಕಾರ್ಖಾನೆಯಲ್ಲಿ ಅವರ ಬಲಗಡೆಗೇ ದಿನವಿಡೀ ತಗಡು ಬಡಿಯುವ ದೊಡ್ಡ ಪ್ರೆಸ್ ಮಷೀನು. ಕಿವಿ ಯಾವಾಗ ಹೋಯಿತೋ ಅವರಿಗೇ ಗೊತ್ತಿಲ್ಲ. ನನಗಾದರೂ ಹೇಗೆ ಗೊತ್ತಾಗಬೇಕು? ಹೆಂಡತಿ ಗಂಡನ ಎಡಗಡೆಗೇ ಕೂರಬೇಕೆಂಬುದು ಅತ್ತೆಯ ಕಟ್ಟಪ್ಪಣೆ. ಪೂಜೆಯಲ್ಲೂ ಎಡಕ್ಕೆ, ಸೋಫಾದಲ್ಲೂ ಎಡಕ್ಕೆ. ನನ್ನ ಗೊಣಗಾಟ ಕೂಡ ಒಂದೂ ಬಿಡದೆ ಅವರಿಗೆ ತಲುಪಿದೆ.

ಬಲಗಡೆಯ ಕುರ್ಚಿ ಅತ್ತೆಯದು. ಅವರದು ಮೊದಲೇ ಮೆಲುದನಿ, ಮೇಲೆ ಟಿವಿಯ ಗದ್ದಲ. "ನನ್ನ ಮಾತಿಗೆ ಅಂವಾ ಹೂಂ ಸುದ್ದಾ ಅನ್ನೂದಿಲ್ಲ, ಈಕೀನ ಕಲಿಸ್ಯಾಳ" ಎಂದು ಬಂದವರೆದುರಿಗೆಲ್ಲ ಹೇಳಿ ಹೇಳಿ, ಕೊನೆಗೆ ಅವರು ಮಗನೊಂದಿಗೆ ಮಾತನ್ನೇ ಬಿಟ್ಟಿದ್ದರು. ಈಗ ಬಿಳಿಚಿಕೊಂಡ ಮುಖದಲ್ಲಿ ನನ್ನನ್ನು ನೋಡಿದರು.

"ಅಂದ್ರ ಅಂವಗ ಕೇಳಿಸಿದ್ದ ಇಲ್ಲೇನು?"

"ಇಲ್ಲರಿ ಅತ್ತಿ," ಅಂದೆ.

ಅತ್ತೆ ಎದ್ದು ಬಂದು ಮಗನನ್ನು ಸೋಫಾದಲ್ಲಿ ಕೂರಿಸಿ, ಎಡಗಡೆಗೆ, ನನ್ನ ಜಾಗದಲ್ಲಿ ತಾವು ಕೂತರು. ಬಾಯಿ ತೆರೆದರು. ಇಷ್ಟು ವರ್ಷ ಬಲಗಡೆ ಕೂತು ಆಡಿದ್ದರಲ್ಲಿ ಯಾವ ಮಾತಿನಿಂದ ಶುರು ಮಾಡಬೇಕು, ನೀವೇ ಹೇಳಿ?