ಮುಚ್ಚಿದ ಕಾರ್ಖಾನೆಯ ಒಬ್ಬನೇ ನೌಕರ

ಅಚ್ಚಪ್ಪ ಹದಿನೇಳು ವರ್ಷ ಸೈನ್ಯದಲ್ಲಿದ್ದು ನಾಯಕ್ ದರ್ಜೆಯಲ್ಲಿ ನಿವೃತ್ತರಾದವರು. ಊರು ಕೊಡಗಿನಲ್ಲಿ. ಆದರೆ ಮಗಳ ಓದು ದೆಹಲಿಯ ಕಡೆಯೇ ಶುರುವಾಗಿದ್ದರಿಂದ ಘಾಜಿಯಾಬಾದಿನಲ್ಲಿ ಬಾಡಿಗೆ ಮನೆ ಹಿಡಿದು ಉಳಿದುಬಿಟ್ಟರು. ದೆಹಲಿಯ ಓಖ್ಲಾದ ಒಂದು ಉಡುಪು ಕಾರ್ಖಾನೆಯ ಗೇಟಿನಲ್ಲಿ ಏಳು ವರ್ಷದಿಂದ ಕಾವಲಿಗಿದ್ದರು. ಟೋಪಿ ಹಾಕದೆ ಅವರು ಕುರ್ಚಿಯಲ್ಲಿ ಕೂತದ್ದನ್ನು ಯಾರೂ ನೋಡಿರಲಿಲ್ಲ.

೨೦೦೯ರ ಜನವರಿಯಲ್ಲಿ ಹೊರದೇಶದ ಆರ್ಡರುಗಳು ನಿಂತವು. ಒಂದು ಶನಿವಾರ ಮ್ಯಾನೇಜರು ಎಂಬತ್ತು ಜನರಿಗೂ ಲೆಕ್ಕ ಚುಕ್ತಾ ಮಾಡಿ, ಕೆಲಸದಿಂದ ತೆಗೆದ ಪತ್ರ ಕೊಟ್ಟು ಕಳಿಸಿದರು. ಅಚ್ಚಪ್ಪನವರ ಕೈಗೆ ಮಾತ್ರ ಬೀಗದಕೈ ಗೊಂಚಲು ಬಂತು. "ಒಳಗೆ ಮೆಷಿನ್ನುಗಳಿವೆ. ನೀವು ಇರಿ, ಸಂಬಳ ಬರುತ್ತೆ" ಎಂದರು.

ಸಂಬಳ ಎರಡು ತಿಂಗಳು ಬಂತು, ಆಮೇಲೆ ನಿಂತಿತು. ಮ್ಯಾನೇಜರು ಮೊದಮೊದಲು ಫೋನ್ ಎತ್ತುತ್ತಿದ್ದರು. "ಹಾಗಾದರೆ ನನ್ನನ್ನೂ ತೆಗೆದಿದ್ದೀವಿ ಅಂತ ಒಂದು ಕಾಗದ ಕೊಡಿ ಸಾಬ್" ಎಂದು ಅಚ್ಚಪ್ಪ ಕೇಳಿದಾಗ, "ನಿಮ್ಮನ್ನು ಯಾರು ತೆಗೆದರು? ಕೂತಿರಿ" ಎಂದರು. ಮರುವಾರದಿಂದ ಆ ನಂಬರು ಸ್ವಿಚ್ ಆಫ್.

ಏಪ್ರಿಲಿನಲ್ಲಿ ದೇವಕಿ ಗೇಟಿಗೆ ಬಂದಳು. ದಾವಣಗೆರೆಯವಳು, ಹೊಲಿದ ಅಂಗಿಗಳನ್ನು ತಪಾಸಣೆ ಮಾಡುವ ಮೇಜಿನಲ್ಲಿದ್ದವಳು. ಕಾರ್ಖಾನೆಯಲ್ಲಿ ಅವರ ಜೊತೆ ಕನ್ನಡ ಮಾತಾಡುತ್ತಿದ್ದವಳು ಅವಳೊಬ್ಬಳೇ.

"ಅಣ್ಣ, ಕಾರ್ಖಾನೆ ಮುಚ್ಚಿ ಕೆಲಸ ಹೋದವರಿಗೆ ಆರು ತಿಂಗಳು ಅರ್ಧ ಸಂಬಳ ಕೊಡೋ ಸರ್ಕಾರಿ ವಿಮೆ ಇದೆಯಲ್ಲ. ನಾವೆಲ್ಲ ಅರ್ಜಿ ಹಾಕಿದ್ವಿ. ಒಂದೂ ಮುಂದೆ ಹೋಗ್ತಿಲ್ಲ."

"ಯಾಕಂತೆ?"

ಅವಳು ಅವರ ಕೈಯ ಬೀಗದಕೈ ಗೊಂಚಲು ನೋಡಿದಳು. "ಹಾಜರಿ ಪಟ್ಟಿಯಲ್ಲಿ ಇನ್ನೂ ಒಬ್ಬರ ಹೆಸರಿದೆಯಂತೆ. ಒಬ್ಬರು ಕೆಲಸದಲ್ಲಿದ್ದರೂ ಕಾರ್ಖಾನೆ ಮುಚ್ಚಿದ ಹಾಗಲ್ಲವಂತೆ."

ಅಚ್ಚಪ್ಪ ಅವಳ ಜೊತೆ ವಿಮಾ ಕಚೇರಿಗೆ ಹೋದರು. ಮೂರನೆಯ ಸಲ ಹೋದಾಗ ಕಿಟಕಿಯ ಗುಮಾಸ್ತ ಫೈಲು ತೆಗೆದು ನೋಡಿದ. ಕೆಟ್ಟ ಮನುಷ್ಯನೇನಲ್ಲ, ಕುರ್ಚಿ ತೋರಿಸಿ ಕೂರಲು ಹೇಳಿದ.

"ನೀವು ರಾಜೀನಾಮೆ ಕೊಟ್ಟು, ಅದು ಕಾರ್ಖಾನೆಗೆ ತಲುಪಿದೆ ಅನ್ನೋ ರಸೀದಿ ತನ್ನಿ. ಪಟ್ಟಿ ಖಾಲಿಯಾಗುತ್ತೆ. ಇವರ ಅರ್ಜಿಗಳು ಹೋಗುತ್ತವೆ."

"ನನ್ನ ಅರ್ಜಿ?"

"ತಾವಾಗಿ ಬಿಟ್ಟವರಿಗೆ ಭತ್ಯೆ ಇಲ್ಲ, ಫೌಜಿ ಭಾಯಿ."

"ಬಿಡದಿದ್ದರೆ?"

"ಕೆಲಸದಲ್ಲಿರೋರಿಗೂ ಇಲ್ಲ."

ಹೆಂಡತಿ ಸರಸು ಇದನ್ನು ಕೇಳಿ, ಎಂಬತ್ತು ಜನರ ಹೊರೆಯನ್ನು ನೀವೊಬ್ಬರೇ ಯಾಕೆ ಹೊರಬೇಕು ಎಂದು ಕೇಳಿದಳು. ಒಂದು ವಾರ ಕಳೆದ ಮೇಲೆ ಅಚ್ಚಪ್ಪ ಅಂಚೆ ಕಚೇರಿಗೆ ಹೋಗಿ, ಕಾರ್ಖಾನೆಯ ವಿಳಾಸಕ್ಕೆ ರಾಜೀನಾಮೆಯನ್ನು ರಿಜಿಸ್ಟರ್ ಮಾಡಿದರು.

ಮೂರನೆಯ ದಿನ ಅಂಚೆಯವನು ಅದನ್ನು ಗೇಟಿಗೆ ತಂದ. ಅಲ್ಲಿ ಪಡೆದುಕೊಳ್ಳಲು ಇದ್ದವರು ಅಚ್ಚಪ್ಪನವರೊಬ್ಬರೇ. ಲಕೋಟೆಯ ಮೇಲಿನ ಅಕ್ಷರ ತಮ್ಮದೇ. ಅಂಚೆಯವನು ಒಮ್ಮೆ ಕಳಿಸಿದವರ ಹೆಸರು ನೋಡಿದ, ಒಮ್ಮೆ ಅವರ ಎದೆಯ ಮೇಲಿನ ಹೆಸರಿನ ಪಟ್ಟಿ ನೋಡಿದ.

"ಸಹಿ ಯಾರದು?"

ಅಚ್ಚಪ್ಪ ಸಹಿ ಹಾಕಿ, ಡ್ರಾಯರಿನಿಂದ ಗೇಟಿನ ಮೊಹರು ತೆಗೆದು ಒತ್ತಿದರು. ಇಷ್ಟು ವರ್ಷದಲ್ಲಿ ಸುಳ್ಳು ಕಾಗದಕ್ಕೆ ಮೊಹರು ಒತ್ತಿದವರಲ್ಲ. ಇದು ಸುಳ್ಳೋ ನಿಜವೋ ಎಂಬುದೂ ಅವರಿಗೆ ಗೊತ್ತಾಗಲಿಲ್ಲ. ಲಕೋಟೆಯನ್ನು ಒಡೆಯದೆ ಮ್ಯಾನೇಜರ ಖಾಲಿ ಮೇಜಿನ ಮೇಲೆ ಇಟ್ಟು ಬಂದರು.

ವಿಮಾ ಕಚೇರಿಗೆ ಆ ಅಂಚೆ ರಸೀದಿ ಸಾಕಾಯಿತು. ಜುಲೈನಲ್ಲಿ ದೇವಕಿಯ ಭತ್ಯೆ ಮಂಜೂರಾಯಿತು, ಉಳಿದವರದೂ ಒಂದೊಂದಾಗಿ ಆಯಿತು. ತಿಳಿಸಲು ಬಂದ ದೇವಕಿ ಗೇಟಿನ ಸರಳು ಹಿಡಿದು ನಿಂತಳು.

"ನೀವು ಇನ್ನೂ ಇಲ್ಲೇ ಯಾಕಿದೀರಿ ಅಣ್ಣ? ಕೆಲಸ ಬಿಟ್ಟಿದೀರಲ್ಲ."

"ಬೀಗದಕೈ ಯಾರಿಗೆ ಕೊಡಲಿ, ಹೇಳು."

ಠಾಣೆಯವರು ಮಾಲೀಕರ ಪತ್ರವಿಲ್ಲದೆ ಬೀಗದಕೈ ತೆಗೆದುಕೊಳ್ಳಲಿಲ್ಲ. ಮಾಲೀಕರ ಮನೆಯಲ್ಲಿ ಬೇರೆ ಯಾರೋ ಇದ್ದರು. ಒಳಗೆ ಹತ್ತಾರು ಹೊಲಿಗೆ ಯಂತ್ರಗಳು. ಒಂದು ಕಳುವಾದರೂ ಮೊದಲು ಕೇಳುವುದು ಬೀಗದಕೈ ಇಟ್ಟುಕೊಂಡವನನ್ನು. ಕಾವಲುಗಾರರನ್ನು ಒದಗಿಸುವ ಒಂದು ಏಜೆನ್ಸಿ ಕೆಲಸ ಕೊಡಲು ತಯಾರಿತ್ತು. ಆದರೆ ಹಿಂದೆ ಕೆಲಸ ಮಾಡಿದ ಕಡೆಯಿಂದ ಬಿಡುಗಡೆ ಪತ್ರ ಬೇಕೆಂದಿತು. ಆ ಪತ್ರಕ್ಕೆ ಸಹಿ ಹಾಕುವವರು ಯಾರೂ ಇರಲಿಲ್ಲ. ಈ ಸಲ ತಾವೇ ಮೊಹರು ಒತ್ತಿಕೊಳ್ಳಲು ಅಚ್ಚಪ್ಪ ಒಪ್ಪಲಿಲ್ಲ.

ಪಿಂಚಣಿ ಬಾಡಿಗೆಗೂ ಮಗಳ ಫೀಸಿಗೂ ಸರಿಹೋಗುತ್ತಿತ್ತು. ಸರಸು ಪಕ್ಕದ ಶಾಲೆಯಲ್ಲಿ ಆಯಾ ಕೆಲಸಕ್ಕೆ ಸೇರಿದಳು. ಬೆಳಿಗ್ಗೆ ಅವಳು ಡಬ್ಬಿ ಕಟ್ಟಿಕೊಡುತ್ತಾಳೆ. ಅವರು ಏಳೂಕಾಲಿನ ಲೋಕಲ್ ರೈಲು ಹಿಡಿದು ಓಖ್ಲಾದಲ್ಲಿ ಇಳಿದು, ಬೀಗ ಎಳೆದು ನೋಡಿ, ಗೇಟಿನ ಒಳಗೆ ಕೂರುತ್ತಾರೆ.