ಬೆರಳಿಗೆ ಸಿಕ್ಕ ಹಾಡು

ಈ ಹಾಡು ಸಿಕ್ಕಾಗ ನನಗೆ ಐವತ್ತಾರು. ಹದಿನೇಳು ವರ್ಷದ ಹಿಂದಿನ ಮಾತು. ಟೈಪಿಂಗ್ ಮೇಡಮ್ಮಿನ ಬೆರಳ ತುದಿಗಳು ಚಪ್ಪಟೆಯಾಗಿದ್ದವು, ಯಾರೋ ಸುತ್ತಿಗೆಯಲ್ಲಿ ತಟ್ಟಿ ಸಮ ಮಾಡಿದ ಹಾಗೆ. ಹೆಬ್ಬೆರಳೆರಡು ಮಾತ್ರ ನಮ್ಮ ನಿಮ್ಮದರ ಹಾಗೆ ಇದ್ದವು. ಎಡಗೈ ಕಿರುಬೆರಳಂತೂ ನನ್ನ ಹೆಬ್ಬೆರಳಿಗಿಂತ ಗಟ್ಟಿ. ಅದರಲ್ಲಿ ತಲೆಗೆ ಮೊಟಕಿದರೆ ದೊಡ್ಡ ಹುಡುಗರ ಕಣ್ಣಲ್ಲೂ ನೀರು ಬರುತ್ತಿತ್ತು.

ತುಮಕೂರಿನ ಗುಬ್ಬಿ ಗೇಟಿನ ಹತ್ತಿರ ಒಂದು ಅಂಗಡಿಯ ಮಹಡಿ ಮೇಲೆ ಅವರ ಟೈಪಿಂಗ್ ಇನ್‌ಸ್ಟಿಟ್ಯೂಟು. ಮುಂದೆ ಮಿಷನ್ನುಗಳ ಕೋಣೆ, ಹಿಂದೆ ಅವರಿರುವ ಒಂದು ರೂಮು. ಮದುವೆ ಆಗಿರಲಿಲ್ಲ. ಯಾಕೆ ಅಂತ ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ನಾನು ಹಾಗಲವಾಡಿಯವಳು. ಗಂಡ ಸತ್ತ ಮೇಲೆ ಅಂತರಸನಹಳ್ಳಿಗೆ ಅಣ್ಣನ ಮನೆಗೆ ಬಂದೆ. ಅಲ್ಲಿಂದ ದಿನಾ ಬಸ್ಸಿನಲ್ಲಿ ಬಂದು ಮೇಡಮ್ಮಿನ ಕಸ ಮುಸುರೆ ನೋಡಿಕೊಳ್ಳುತ್ತಿದ್ದೆ.

ನಾನು ಸೇರಿದ ಹೊಸದರಲ್ಲಿ, ತೊಂಬತ್ತರ ಆಚೀಚೆ, ಆ ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಗುಬ್ಬಿಯಿಂದ, ಊರ್ಡಿಗೆರೆಯಿಂದ ಹುಡುಗರು ಬರುತ್ತಿದ್ದರು. ಎಲ್ಲರೂ ಒಟ್ಟಿಗೆ ಬಡಿದರೆ ತಗಡಿನ ಮೇಲೆ ಆಲಿಕಲ್ಲು ಬಿದ್ದ ಸದ್ದು. ಮೇಡಮ್ ಆ ಹುಡುಗರ ಕೈಗಳ ಮೇಲೆ ಟವೆಲ್ ಹೊದಿಸಿಬಿಡುತ್ತಿದ್ದರು, ಅಕ್ಷರ ಕಾಣಬಾರದು ಅಂತ. “ಕಣ್ಣು ಕಾಗದದ ಮೇಲಿರ್ಲಿ. ಬೆರಳಿಗೆ ದಾರಿ ಗೊತ್ತು, ಅದರ ಪಾಡಿಗೆ ಬಿಡು” ಅನ್ನುತ್ತಿದ್ದರು. ಮೊದಲ ಪಾಠ ಎ ಎಸ್ ಡಿ ಎಫ್. ಕೇಳಿ ಕೇಳಿ ನನಗೂ ಇಂಗ್ಲಿಷು ಬಂತು. ಆದರೆ ನನ್ನ ಇಂಗ್ಲಿಷಿನಲ್ಲಿ ಎ ಆದ ಮೇಲೆ ಎಸ್. ಗೋಡೆಯ ಮೇಲಿನ ಕೀಗಳ ಪಟ ನೋಡಿ ಯಾವ ಅಕ್ಷರ ಎಲ್ಲಿದೆ ಅಂತ ತಿಳಿದಿತ್ತು, ಓದಲು ಬರುತ್ತಿರಲಿಲ್ಲ. ಕನ್ನಡವೂ ಬಸ್ಸಿನ ಬೋರ್ಡಿನ ಮಟ್ಟಕ್ಕೆ, ಅಷ್ಟೇ.

ಆಮೇಲೆ ಕಂಪ್ಯೂಟರು ಬಂತು. ಟೈಪ್‌ರೈಟರುಗಳು ಒಂದೊಂದಾಗಿ ಗುಜರಿಗೆ ಹೋದವು. ಮೇಡಮ್ ಅಳಲಿಲ್ಲ. ಯಾವುದೋ ಆಫೀಸಿನವರು ಮಾರಿದ ಹಳೆಯ ಕಂಪ್ಯೂಟರೊಂದನ್ನು ತಂದು ಇಟ್ಟುಕೊಂಡು, ಇಬ್ಬರು ಮೂವರು ಹುಡುಗಿಯರಿಗೆ ಕಲಿಸುತ್ತಿದ್ದರು. ಸಾಲು ಮುಗಿದ ಕೂಡಲೇ ಅವರ ಎಡಗೈ ತಾನಾಗಿ ಮೇಲೆದ್ದು, ಕಂಪ್ಯೂಟರಿನಲ್ಲಿ ಇಲ್ಲದ, ಸಾಲು ಬದಲಿಸುವ ಸಲಾಕೆಯನ್ನು ಬಲಕ್ಕೆ ತಳ್ಳಲು ಹೋಗುತ್ತಿತ್ತು. ಪಕ್ಕದಲ್ಲಿಟ್ಟ ಕಾಫಿ ಲೋಟ ಉರುಳುತ್ತಿತ್ತು. ನಾನು ಬೈದುಕೊಂಡು ಒರೆಸುತ್ತಿದ್ದೆ.

ಅದೇ ಸಮಯಕ್ಕೆ ಅವರ ಕಣ್ಣು ಮಂಜಾಯಿತು. ಡಾಕ್ಟರು, ಕಣ್ಣಿನ ಒಳಗಿನ ನರ ಒಣಗುತ್ತಿದೆ, ಔಷಧಿ ಹನಿ ಹಾಕಿದರೆ ನಿಧಾನವಾಗುತ್ತದೆ, ನಿಲ್ಲುವುದಿಲ್ಲ ಅಂದರು. ಸುದ್ದಿ ತಿಳಿದು ಕುಣಿಗಲ್ಲಿನಿಂದ ಅವರ ತಂಗಿ ಓಡಿ ಬಂದಳು. ಒಳ್ಳೆಯ ಹೆಂಗಸು, ಬಾಯಿ ಮಾತ್ರ ಜೋರು.

“ಸಾಕು ನಡಿಯಕ್ಕ. ಕಣ್ಣಿಲ್ದೆ ಈ ಮಹಡಿ ಮೇಲೆ ಒಬ್ಳೇ ಏನ್ ಮಾಡ್ತೀಯಾ? ನಮ್ಮನೇಲಿ ಒಂದು ರೂಮು ಖಾಲಿ ಇದೆ. ಕೂತ್ಕೊ, ಊಟ ಮಾಡು.”

“ಕೂತ್ಕೊಂಡು ಊಟ ಮಾಡೋಕೆ ನಾನೇನ್ ಬಾಣಂತಿನಾ?” ಅಂದರು ಮೇಡಮ್. “ದಸರಾ ಮುಗೀಲಿ ಕಣೇ. ಅಷ್ಟ್ರಲ್ಲಿ ಕಣ್ಣು ಮುಚ್ಕೊಂಡು ಈ ಮಿಷನ್ ಕೈಲಿ ಕೆಲಸ ಮಾಡಿಸಿದ್ರೆ ಇಲ್ಲೇ ಇರ್ತೀನಿ. ಆಗ್ಲಿಲ್ವಾ, ತುಟಿ ಪಿಟಕ್ ಅನ್ನದೆ ನಿನ್ ಹಿಂದೆ ಬರ್ತೀನಿ.”

ಕೆಲಸ ಅಂದರೆ ಅವರು ಆರಿಸಿಕೊಂಡದ್ದು ಹಾಡು. ಕಂಪ್ಯೂಟರ್ ಪುಸ್ತಕವೊಂದರ ಜೊತೆ ಒಂದು ಸಿಡಿ ಬಂದಿತ್ತು. ಅದರಲ್ಲಿ ರೇಡಿಯೋ ಕೇಳುವ ಒಂದು ಪ್ರೋಗ್ರಾಮು. ಬಣ್ಣವಿಲ್ಲ, ಚಿತ್ರವಿಲ್ಲ, ಮೌಸು ಬೇಡ. ಕಪ್ಪು ಪರದೆ, ಬಿಳಿ ಅಕ್ಷರ. ಯಾವ ರೇಡಿಯೋ ಬೇಕೋ ಅದರ ವಿಳಾಸ ಟೈಪ್ ಮಾಡಿದರೆ ಫೋನಿನ ತಂತಿಯಲ್ಲಿ ಹಾಡು ಹರಿದು ಬರುತ್ತದಂತೆ. ರಿಪೇರಿಯವನು, “ಮೇಡಂ, ಈ ಡಬ್ಬಕ್ಕೆ ಶಕ್ತಿ ಇಲ್ಲ, ಬಿಸಾಕಿ” ಅಂದಿದ್ದ. ಮೇಡಮ್, “ಬಣ್ಣದ ಆಟಕ್ಕೆ ಶಕ್ತಿ ಬೇಕಪ್ಪ. ಅಕ್ಷರಕ್ಕೆ ಎಷ್ಟು ಬೇಕು?” ಅಂದು ಅವನನ್ನು ಕಳಿಸಿದರು. ಪರದೆಗೆ ಮೂಗು ತಾಗಿಸಿ, ಭೂತಗನ್ನಡಿ ಹಿಡಿದು, ತಾವೇ ಅದನ್ನು ಕಂಪ್ಯೂಟರಿನೊಳಗೆ ಹಾಕಿದರು.

ನನಗೆ ತಲೆ ಕೆಟ್ಟಿತು. “ಅಲ್ಲ ಮೇಡಮ್ಮೋರೆ, ಒಂದು ರೇಡಿಯೋ ತಂದು ಕಿವಿ ಹಿಂಡಿದ್ರೆ ಹಾಡು ಬರ್ತದಪ್ಪ. ಇದ್ಯಾಕೆ ಹಿಂಗೆ ಒದ್ದಾಡ್ತೀರಾ?”

“ಹಾಡಿಗಲ್ಲ ಕಣಮ್ಮ. ನಾಳೆ ಪೂರ್ತಿ ಕತ್ತಲಾದಾಗ ನಾನ್ ಒತ್ತಿದ ಅಕ್ಷರ ಸರಿಯಾಗಿ ಬಿತ್ತೋ ಇಲ್ವೋ ಅಂತ ಯಾರು ಹೇಳ್ಬೇಕು? ಹಾಡು ಬಂದ್ರೆ ಸರಿ ಬಿತ್ತು ಅಂತ. ಬರ್ಲಿಲ್ವಾ, ತಪ್ಪು ಅಂತ. ಕಿವಿಗೆ ಗೊತ್ತಾಗುತ್ತೆ.”

ಇದು ಶೋಕಿಯಲ್ಲ, ಬದುಕು ಅಂತ ಆಗ ತಿಳಿಯಿತು.

ಆದರೆ ಹಾಡು ಬರಲಿಲ್ಲ. ದೂರದೇಶದಲ್ಲಿ ಕನ್ನಡದವರು ನಡೆಸುವ ಒಂದು ರೇಡಿಯೋದ ವಿಳಾಸ ಆ ಪುಸ್ತಕದಲ್ಲಿ ಅಚ್ಚಾಗಿತ್ತು. ಅದು ಅವರಿಗೆ ಬಾಯಿಪಾಠ. ಟೈಪ್ ಮಾಡಿ ಎಂಟರ್ ಒತ್ತುವರು, ಪರದೆ ಇಂಗ್ಲಿಷಿನಲ್ಲಿ ಒಂದು ಸಾಲು ಉಗಿಯುವುದು, ಭೂತಗನ್ನಡಿ ಇಟ್ಟು ಓದಿ, “ಅಂಥ ವಿಳಾಸ ಇಲ್ವಂತೆ” ಅನ್ನುವರು. ಫೋನಿನವರು ಬಂದು ಲೈನು ಸರಿಯಿದೆ ಅಂದರು. ಮೇಡಮ್ ಮತ್ತೆ ಮತ್ತೆ ಹೊಡೆದರು. ಸಿಟ್ಟು ಬಂದರೆ ಇನ್ನೂ ಜೋರಾಗಿ ಹೊಡೆದರು, ಜೋರಾಗಿ ಹೊಡೆದರೆ ಅಚ್ಚು ಚೆನ್ನಾಗಿ ಮೂಡುತ್ತದೆ ಅನ್ನುವ ಹಾಗೆ.

ದಸರಾ ಮುಗಿಯಿತು. ತಂಗಿ ಖಾಲಿ ಸೂಟ್‌ಕೇಸು ಹಿಡಿದುಕೊಂಡೇ ಬಂದಳು. ಮೇಡಮ್ ಅವಳ ಎದುರಿಗೆ ಕೂತು ಟೈಪ್ ಮಾಡಿದರು. ಸದ್ದಿಲ್ಲ. ಇನ್ನೊಂದು ಸಲ ಮಾಡಿದರು. ಸದ್ದಿಲ್ಲ.

“ಆಯ್ತು ಬುಡಕ್ಕ,” ಅಂದಳು ತಂಗಿ, ಈ ಸಲ ಮೆತ್ತಗೆ. “ಸೀರೆ ಎಲ್ಲಿಟ್ಟಿದೀಯಾ? ಮಡಿಸ್ತೀನಿ.”

ಔಷಧಿ ಬಿಡುವ ಹೊತ್ತಾಗಿತ್ತು. ನಾನು ಎರಡು ಕಣ್ಣಿಗೂ ಬಿಟ್ಟೆ. ಬಿಟ್ಟ ಮೇಲೆ ಸ್ವಲ್ಪ ಹೊತ್ತು ಕಣ್ಣು ಮುಚ್ಚಿಕೊಂಡೇ ಇರಬೇಕು. ಮುಚ್ಚಿಕೊಂಡೇ ಮೇಡಮ್ ಅಂದರು, “ನೀನ್ ಕೂತ್ಕೊಳ್ಳಮ್ಮ. ನಾನ್ ಹೇಳ್ತಾ ಹೋಗ್ತೀನಿ, ನೀನ್ ಒತ್ತು.”

“ನನಗೇನ್ ಬರ್ತದೆ ಮೇಡಮ್ಮೋರೆ?”

“ಅಕ್ಷರ ಎಲ್ಲಿದಾವೆ ಗೊತ್ತಲ್ಲ. ಕೂತ್ಕೊ.”

ಸೆರಗಿಗೆ ಕೈ ಒರೆಸಿಕೊಂಡು ಕೂತೆ. ಅವರು ಒಂದೊಂದೇ ಅಕ್ಷರ ಹೇಳಿದರು, ಚುಕ್ಕೆ ಅಂದರು, ನಂಬರು ಹೇಳಿದರು. ಕೋಳಿ ಕಾಳು ಹೆಕ್ಕಿದ ಹಾಗೆ ಒಂದೇ ಬೆರಳಲ್ಲಿ ಒತ್ತಿದೆ. ತಂಗಿ ಒಳಗೆ ಸೀರೆ ಮಡಿಸುತ್ತಿದ್ದಳು. ಕೊನೆಗೆ ಎಂಟರ್ ಅಂದರು. ಒತ್ತಿದೆ.

ಮೊದಲು ಬರ್ ಅಂತ ಒಂದು ಸದ್ದು. ಆಮೇಲೆ ಕೋಣೆ ತುಂಬಾ ಓಲಗ.

ತಂಗಿ ಅರ್ಧ ಮಡಿಸಿದ ಸೀರೆ ಹಿಡಿದುಕೊಂಡೇ ಓಡಿ ಬಂದಳು. “ಇದ್ಯಾರ್ದಕ್ಕ ಮದ್ವೆ?”

“ನಂದೇ!” ಅಂದರು ಮೇಡಮ್. ಕಣ್ಣು ಇನ್ನೂ ಮುಚ್ಚೇ ಇತ್ತು. ಔಷಧಿಯೋ ನೀರೋ, ಕೆನ್ನೆ ಮೇಲೆ ಇಳಿಯುತ್ತಿತ್ತು. “ಏನ್ ಮಾಡ್ದೆ ನೀನು? ನಾನ್ ಹೇಳಿದ್ದನ್ನೇ ಒತ್ತಿದ್ಯಾ?” ಅಂತ ನನ್ನನ್ನು ಕೇಳಿದರು.

“ಇನ್ನೇನ್ ಒತ್ಲಿ? ಎಂ ಅಂದ್ರಿ ಎಂ ಒತ್ತಿದೆ. ಒಂದು ಅಂದ್ರಿ ಒಂದು ಒತ್ತಿದೆ.”

ಅವರು ತಟಕ್ಕನೆ ನನ್ನ ಕಡೆ ತಿರುಗಿದರು. “ಒಂದನ್ನ ಎಲ್ಲಿ ಒತ್ತಿದೆ?”

“ಮೇಲಿನ ಸಾಲಲ್ಲಿ, ಎಡಗಡೆ ಮೂಲೇಲಿ. ಗಡಿಯಾರದಲ್ಲಿ ಇರ್ತದಲ್ಲ, ಆ ಒಂದು.”

ಮೇಡಮ್ ಹಣೆ ಚಚ್ಚಿಕೊಂಡು ನಕ್ಕರು. ಹಾಗೆ ನಕ್ಕದ್ದನ್ನು ನಾನು ಅಷ್ಟು ವರ್ಷದಲ್ಲಿ ನೋಡಿರಲಿಲ್ಲ. ಆಮೇಲೆ ನಮಗೂ ಬಿಡಿಸಿ ಹೇಳಿದರು. ಅವರ ಹಳೆಯ ಟೈಪ್‌ರೈಟರುಗಳಲ್ಲಿ ‘ಒಂದು’ ಅನ್ನುವ ನಂಬರಿನ ಕೀಯೇ ಇರಲಿಲ್ಲ. ನಂಬರು ಎರಡರಿಂದ ಶುರು. ಒಂದು ಬೇಕಾದಾಗ ಚಿಕ್ಕ ಎಲ್ ಅಕ್ಷರ ಹೊಡೆಯುವುದು ಟೈಪಿಂಗ್ ಕಲಿತವರೆಲ್ಲರ ಪದ್ಧತಿ. ಕಾಗದದ ಮೇಲೆ ಎರಡೂ ಒಂದೇ ಉದ್ದ ಗೆರೆ, ಆಫೀಸಿನ ಸಾಹೇಬರಿಗೂ ಗೊತ್ತಾಗುತ್ತಿರಲಿಲ್ಲ. ಈ ಮಿಷನ್ನಿಗೆ ಗೊತ್ತಾಗುತ್ತಿತ್ತು. ಮಂಜುಗಣ್ಣಿಗೆ ಪರದೆಯ ಮೇಲೂ ಅವೆರಡು ಒಂದೇ ಹಾಗೆ ಕಂಡಿದ್ದವು. ಆ ಪದ್ಧತಿ ನನಗೆ ಯಾರೂ ಕಲಿಸಿರಲಿಲ್ಲ, ಅದಕ್ಕೆ ನನ್ನ ಕೈಯಲ್ಲಿ ಹಾಡು ಬಂತು. ಇದರಲ್ಲಿ ನನ್ನ ಜಾಣತನ ಏನೂ ಇಲ್ಲ.

ಹಾಡು ನಿಲ್ಲಿಸಿ, ಕಣ್ಣು ಮುಚ್ಚಿಕೊಂಡೇ ಮೇಡಮ್ ತಾವೇ ಕೂತರು. ಒಂದು ಬರುವ ಕಡೆಯಲ್ಲೆಲ್ಲ ನಿಂತು, ಬೆರಳನ್ನು ಮೇಲಕ್ಕೆ ಹತ್ತಿಸಿ ಒತ್ತಿದರು. ಓಲಗ ಬಂತು.

“ಹಾಡು ಬಂದ್ರೆ ಅನ್ನ ಬೇಯ್ತದಾ?” ಅಂದಳು ತಂಗಿ, ಸೋಲೊಪ್ಪಲು ಮನಸ್ಸಿಲ್ಲದೆ.

“ಅನ್ನ ನಾನ್ ಬೇಯಿಸ್ತೀನಿ ಕಣಮ್ಮ. ನೀವು ಸೂಟ್‌ಕೇಸ್ ಮುಚ್ಚಿ,” ಅಂದೆ ನಾನು. ಅವಳು ನನ್ನನ್ನು ದುರುಗುಟ್ಟಿ ನೋಡಿದಳು. ಆಮೇಲೆ ಅಕ್ಕನ ಪಕ್ಕ ಕೂತು ಪೂರ್ತಿ ಒಂದು ಹಾಡು ಕೇಳಿ, ಸಂಜೆಯ ಕುಣಿಗಲ್ ಬಸ್ಸಿಗೆ ಒಬ್ಬಳೇ ಹೋದಳು.

ಮೇಡಮ್ ಆಮೇಲೆ ಒಂಬತ್ತು ವರ್ಷ ಆ ಮಹಡಿ ಮೇಲೇ ಬಾಳಿದರು. ಅದರಲ್ಲಿ ಏಳು ವರ್ಷ ಪೂರ್ತಿ ಕತ್ತಲು. ಹುಡುಗಿಯರು ಟೈಪ್ ಮಾಡುವ ಸದ್ದು ಕೇಳಿಯೇ, “ಅಲ್ಲಿ ತಡವರಿಸಿದ್ಯಲ್ಲ, ಮತ್ತೆ ಹೊಡಿ” ಅನ್ನುತ್ತಿದ್ದರು. ಮಧ್ಯಾಹ್ನ ನನ್ನನ್ನು ಕೂರಿಸಿಕೊಂಡು ಕನ್ನಡ ಅಕ್ಷರ ತಿದ್ದಿಸಿದರು, ನನ್ನ ಅಂಗೈ ಮೇಲೆ ಆ ಚಪ್ಪಟೆ ಬೆರಳಲ್ಲಿ ಬರೆದು ತೋರಿಸಿ. ಇದನ್ನು ಬರೆಯುತ್ತಿರುವುದು ಆ ಅಕ್ಷರದಲ್ಲೇ. ಒಂದು ದಿನ ಊಟ ಮಾಡಿ ಮಲಗಿದವರು ಏಳಲಿಲ್ಲ. ಒಳ್ಳೆಯ ಸಾವು. ನಾನು ಹೆಚ್ಚು ಅಳಲಿಲ್ಲ. ಅತ್ತಿದ್ದರೆ ಅವರೇ ಮೊಟಕುತ್ತಿದ್ದರು.

ಆದರೆ ನೆನೆದಾಗ ನನಗೆ ಕಾಣುವುದು ಆ ಓಲಗದ ದಿನವೇ. ತಂಗಿ ಹೋದ ಮೇಲೆ, ನಾನು ಮನೆಗೆ ಹೊರಡುವ ಮೊದಲು, ಮೇಡಮ್ ಇನ್ನೊಮ್ಮೆ ಹಾಡು ಹಾಕಲು ಹೋದರು. ಖುಷಿಯಲ್ಲಿ ಬೆರಳು ಓಡಿತು, ಓಡಿದ್ದು ಹಳೆಯ ದಾರಿಯಲ್ಲಿ. ಹಾಡು ಬರಲಿಲ್ಲ. “ಮೂವತ್ತು ವರ್ಷದ ಚಾಳಿ ಕಣಮ್ಮ,” ಅಂದರು, ಸ್ವಲ್ಪ ಹೆದರಿದವರ ಹಾಗೆ. “ಬೆರಳಿಗೆ ಯಾರು ನೆನಪು ಮಾಡ್ಬೇಕು?”

ಮಾರನೆ ದಿನ ಬೆಳಗ್ಗೆ, ಕಸಬರಿಕೆ ಮುಟ್ಟುವ ಮೊದಲು, ಒಗ್ಗರಣೆ ಡಬ್ಬಿಯಿಂದ ದಪ್ಪನೆಯ ಒಂದು ಸಾಸಿವೆ ಕಾಳು ಆರಿಸಿ, ಗೋಂದು ಹಚ್ಚಿ, ಒಂದರ ಕೀ ಮೇಲೆ ಬೆರಳಿಗೆ ತಾಗುವ ಹಾಗೆ ಅಂಟಿಸಿದೆ. ಒಣಗುವ ತನಕ ಪಕ್ಕದಲ್ಲೇ ಕೂತು ಊದಿದೆ.